ಲೊರೆಡಾನ್ ಭಾವಚಿತ್ರವನ್ನು ನೋಡುವ ಬಗೆ

ಪುನರುಜ್ಜೀವನ ಕಾಲದ ಪಾಠ ಓದುವಾಗ ಒಂದು ಚಿತ್ರವನ್ನು ಗಮನವಿಟ್ಟು ನೋಡಿದ್ದು ನನಗೆ ಬಹಳ ಕಲಿಸಿದೆ. ಅದು ಜೊವಾನ್ನಿ ಬೆಲ್ಲಿನಿ ಬರೆದ ಲಿಯೊನಾರ್ಡೊ ಲೊರೆಡಾನ್‌ನ ಭಾವಚಿತ್ರ. 1501ರಲ್ಲಿ ವೆನಿಸ್ ಗಣರಾಜ್ಯದ ‘ಡೋಜ್’, ಅಂದರೆ ಮುಖ್ಯಸ್ಥನಾಗಿ ಆಯ್ಕೆಯಾದ ಆತ 1521ರಲ್ಲಿ ಸಾಯುವವರೆಗೂ ಆ ಪದವಿಯಲ್ಲಿದ್ದ. ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಮೊದಲು ಉಡುಪು ನೋಡಿ. ಬಿಳಿ ರೇಷ್ಮೆಯ ಮೇಲೆ ಜರಿಯಂತೆ ಕಾಣುವುದೆಲ್ಲ ಬರೀ ಬಣ್ಣ. ಬಣ್ಣದ ಮೇಲ್ಮೈಯನ್ನು ಒರಟಾಗಿಸಿದ್ದರಿಂದ ಅದು ಬೆಳಕು ಹಿಡಿದು ಹೊಳೆಯುತ್ತದೆ. ನಂತರ ಮುಖ ನೋಡಿ. ನೆರಳಿನ ಬದಿಯನ್ನು ಬೆರಳಿಂದ ಮುಚ್ಚಿದರೆ ನನಗೆ ಮೃದು ಮನುಷ್ಯ ಕಾಣುತ್ತಾನೆ. ಬೆಳಕಿನ ಬದಿಯನ್ನು ಮುಚ್ಚಿದರೆ ಕಠಿಣ ಆಡಳಿತಗಾರ.

ಇಷ್ಟು ವೈಭವದ ಡೋಜ್‌ಗೂ ಮನಬಂದಂತೆ ಆಳುವ ಅಧಿಕಾರವಿರಲಿಲ್ಲ. ಪದವಿಗೇರುವಾಗ ತನ್ನ ಮಿತಿಗಳನ್ನು ಬರೆದಿಟ್ಟ ಪ್ರಮಾಣವಚನ ಸ್ವೀಕರಿಸಬೇಕಿತ್ತು. ಪರರಾಜ್ಯದ ಪತ್ರವನ್ನೂ ಸಲಹೆಗಾರರಿಲ್ಲದೆ ಒಡೆಯುವಂತಿರಲಿಲ್ಲ. ಆ ಉಡುಪು, ಆ ಟೋಪಿ ಪದವಿಗೆ ಸೇರಿದವು. ಸುಕ್ಕುಗಟ್ಟಿದ ಮುಖವಷ್ಟೇ ಅವನದು. ಅಧಿಕಾರದಲ್ಲಿರುವವರ ಚಿತ್ರ ಕಂಡಾಗಲೆಲ್ಲ ಪದವಿಯನ್ನೂ ಮನುಷ್ಯನನ್ನೂ ಬೇರೆ ಬೇರೆಯಾಗಿ ನೋಡಿ ಎಂಬುದು ನನ್ನ ಕೋರಿಕೆ.