ಶ್ರವಣದ ಅರ್ಪಿತ ಮತ್ತು ಅಂಕಿತವಿಲ್ಲದ ವಾರ್ತೆ

ಷಟ್‌ಸ್ಥಲ ಶಾಸ್ತ್ರದಲ್ಲಿ ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗವನ್ನು ಹೇಳಿದೆ. ನಾಸಿಕದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಇಂದ್ರಿಯಕ್ಕೆ ಬಂದ ವಿಷಯವನ್ನು ಮೊದಲು ಆಯಾ ಲಿಂಗಕ್ಕೆ ಅರ್ಪಿಸಿ, ಅನಂತರ ಪ್ರಸಾದವೆಂದು ಸ್ವೀಕರಿಸಬೇಕೆಂಬುದು ಶರಣರು ಹಾಕಿಕೊಟ್ಟ ಕಟ್ಟಳೆ. ರಸದ ವಿಷಯದಲ್ಲಿ ನಮ್ಮ ಮನೆಗಳು ಈ ಕಟ್ಟಳೆಯನ್ನು ಬಹುಮಟ್ಟಿಗೆ ಉಳಿಸಿಕೊಂಡು ಬಂದಿವೆ. ಲಿಂಗಕ್ಕೆ ತೋರದೆ ತುತ್ತನ್ನು ಬಾಯಿಗಿಡಲು ಹಿಂಜರಿಯುವ ತಾಯಂದಿರು ಇಂದಿಗೂ ಇದ್ದಾರೆ. ಆದರೆ ಶಬ್ದದ ವಿಷಯದಲ್ಲಿ ನಾವು ಅಷ್ಟು ಎಚ್ಚರವಾಗಿಲ್ಲ. ಕಿವಿಗೆ ಬಿದ್ದುದನ್ನು ಬಿದ್ದ ಕ್ಷಣವೇ ನುಂಗುತ್ತೇವೆ. ನುಂಗಿದ ಮರುಕ್ಷಣವೇ ನೆರೆಮನೆಗೆ ಬಡಿಸುತ್ತೇವೆ. ಇದು ಅನರ್ಪಿತವನ್ನು ಉಂಡಂತೆಯೂ ಹೌದು, ಉಣಿಸಿದಂತೆಯೂ ಹೌದು.

ಹಿಂದೆ ಊರಿಗೆ ವಾರ್ತೆ ತರುತ್ತಿದ್ದವರು ಸಂತೆಗೆ ಹೋಗಿ ಬಂದವರು, ಜಾತ್ರೆಯಿಂದ ಮರಳಿದವರು. ಆ ಮೇಲೆ ವೃತ್ತಪತ್ರಿಕೆ ಬಂದಿತು, ಆಕಾಶವಾಣಿ ಬಂದಿತು, ದೂರದರ್ಶನ ಬಂದಿತು. ಈಗ ಅಂಗೈಯಲ್ಲಿ ಹಿಡಿಯುವ ದೂರವಾಣಿಯೊಳಗೇ ಇವೆಲ್ಲ ಸೇರಿವೆ. ಲಿಂಗವನ್ನು ಹಿಡಿದು ನೋಡುವ ಕರಸ್ಥಲದಲ್ಲಿಯೇ ಈ ಯಂತ್ರವೂ ಕುಳಿತಿದೆ. ಆದುದರಿಂದ ವಾರ್ತಾಮಾಧ್ಯಮಗಳು ಸಮಾಜದಲ್ಲಿ ಏನು ಮಾಡಬೇಕು, ಅವುಗಳನ್ನು ಯಾರು ತಿದ್ದಬೇಕು ಎಂಬ ಚರ್ಚೆಯನ್ನು ಪಂಡಿತರಿಗೆ ಬಿಟ್ಟು ನಾವು ಸುಮ್ಮನೆ ಇರುವಂತಿಲ್ಲ. 2018ರ ಬೇಸಗೆ, ಮಳೆಗಾಲಗಳಲ್ಲಿ ನಡೆದುದನ್ನು ನೆನೆದರೆ ಈ ಮಾತಿನ ಭಾರ ತಿಳಿಯುವುದು.

ಆ ವರ್ಷ ಭಾರತದ ಹಲವು ಪ್ರಾಂತಗಳಲ್ಲಿ ಮಕ್ಕಳ ಕಳ್ಳರು ಊರೂರು ತಿರುಗುತ್ತಿದ್ದಾರೆಂಬ ಸುಳ್ಳು ಸುದ್ದಿ ವಾಟ್ಸಾಪ್ ಮೂಲಕ ಹರಡಿತು. ಜುಲೈ 1ನೆಯ ತಾರೀಖು, ಭಾನುವಾರ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ ವಾರದ ಸಂತೆ. ಅಲ್ಲಿಗೆ ಬಂದ ಐದು ಜನ ಪರಊರಿನವರನ್ನು ಮಕ್ಕಳ ಕಳ್ಳರೆಂದು ಶಂಕಿಸಿ, ಗ್ರಾಮ ಪಂಚಾಯತಿಯ ಕಚೇರಿಯೊಳಗೆ ಎಳೆದೊಯ್ದು, ಜನ ಹೊಡೆದು ಕೊಂದರು. ಸತ್ತವರು ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು. ಊರಿಂದೂರಿಗೆ ಹೋಗಿ ಭಿಕ್ಷೆ ಬೇಡಿ ಬದುಕುವವರು. ಅವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನವರು. ಮಂಗಳವೇಢೆಯ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. ಬಸವಣ್ಣನವರು ಬಿಜ್ಜಳನ ಆಶ್ರಯದಲ್ಲಿ ಕರಣಿಕರಾಗಿ ಕಾಯಕ ಆರಂಭಿಸಿದ ಊರು ಅದು.

ಇದಾಗಿ ಎರಡು ವಾರ ಕಳೆದಿರಲಿಲ್ಲ. ಜುಲೈ 13ರಂದು ನಮ್ಮ ಬೀದರ ಜಿಲ್ಲೆಯಲ್ಲಿಯೇ, ಔರಾದ ತಾಲ್ಲೂಕಿನ ಮುರ್ಕಿ ಗ್ರಾಮದ ಬಳಿ ಇಂಥದೇ ಘೋರ ನಡೆಯಿತು. ಹೈದರಾಬಾದಿನಿಂದ ಕೆಲವು ಸ್ನೇಹಿತರು ಕಾರಿನಲ್ಲಿ ಬಂದಿದ್ದರು. ದಾರಿಯ ಊರೊಂದರಲ್ಲಿ ಮಕ್ಕಳಿಗೆ ಪರದೇಶದಿಂದ ತಂದ ಚಾಕೊಲೇಟು ಕೊಟ್ಟರು. ಅಷ್ಟೇ ಅವರ ಅಪರಾಧ. ಜನ ಸಂಶಯಪಟ್ಟು ಮುತ್ತಿದರು. ಬಂದವರು ಹೆದರಿ ಕಾರು ಓಡಿಸಿದರು. ಅವರ ದೃಶ್ಯವೂ, ಕಳ್ಳರೆಂಬ ಮಾತೂ ವಾಟ್ಸಾಪಿನಲ್ಲಿ ಅವರಿಗಿಂತ ಮೊದಲೇ ಮುಂದಿನ ಊರನ್ನು ಮುಟ್ಟಿದವು. ಅಲ್ಲಿ ದಾರಿಗೆ ಅಡ್ಡಗಟ್ಟಿದರು. ಒಬ್ಬ ತರುಣ ಸತ್ತನು, ಅವನ ಜೊತೆಯವರು ಗಾಯಗೊಂಡರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟು ಬಿದ್ದವು. ಬಸವಕಲ್ಯಾಣವಿರುವುದು ಇದೇ ಜಿಲ್ಲೆಯಲ್ಲಿ. ಬಂದವರನ್ನು ಯಾರೆಂದು ಕೇಳದೆ ನಮ್ಮವರೆಂದು ಬರಮಾಡಿಕೊಂಡ ಮಹಾಮನೆಯ ನೆಲದಲ್ಲಿ, ಮಕ್ಕಳಿಗೆ ಸಿಹಿ ಹಂಚಿದವನು ಹೆಣವಾದನು.

ಈ ಸುದ್ದಿಯ ಮೂಲವನ್ನು ಹುಡುಕಿಕೊಂಡು ಹೋದವರಿಗೆ ದೊರೆತದ್ದು ವಿಚಿತ್ರವಾಗಿತ್ತು. ಜನರನ್ನು ಕೆರಳಿಸಿದ ಚಲಚ್ಚಿತ್ರಗಳಲ್ಲಿ ಒಂದು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದದ್ದು. ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಮೋಟಾರುಸೈಕಲ್ಲಿನವರು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣ ಹಿಂದಿರುಗಿ ಬಂದು ಮಗುವನ್ನು ಇಳಿಸಿ, ಮಕ್ಕಳ ಮೇಲೆ ಕಣ್ಣಿಡಿರಿ ಎಂಬ ಅರ್ಥದ ಫಲಕವನ್ನು ತೋರಿಸುತ್ತಾರೆ. ತಂದೆತಾಯಿಗಳನ್ನು ಎಚ್ಚರಿಸಲು ಅಲ್ಲಿಯ ಸೇವಾಸಂಸ್ಥೆಯೊಂದು ಮಾಡಿಸಿದ ಚಿತ್ರ ಅದು. ಯಾರೋ ಕೊನೆಯ ಭಾಗವನ್ನು ಕತ್ತರಿಸಿ ತೆಗೆದರು. ಉಳಿದದ್ದು ಅಪಹರಣವೊಂದೇ. ಮತ್ತೊಂದು ಸಂದೇಶದಲ್ಲಿದ್ದ ಮೃತ ಶಿಶುಗಳ ಚಿತ್ರ 2013ರಲ್ಲಿ ಸಿರಿಯಾ ದೇಶದ ಘೌಟಾದಲ್ಲಿ ವಿಷಾನಿಲಕ್ಕೆ ಬಲಿಯಾದ ಮಕ್ಕಳದು. ಚಿತ್ರ ಸುಳ್ಳಲ್ಲ, ಮಕ್ಕಳು ಸತ್ತದ್ದೂ ಸುಳ್ಳಲ್ಲ. ಅದರ ಕೆಳಗೆ ಬರೆದ ಮಾತು ಸುಳ್ಳು. ಕಣ್ಣಾರೆ ಕಂಡೆನೆಂದು ಹೇಳುವವನು ಇಲ್ಲಿ ಮೋಸಹೋಗುತ್ತಾನೆ. ನೇತ್ರಕ್ಕೆ ಬಂದ ರೂಪವನ್ನೂ ಅರ್ಪಿಸಿಯೇ ಸ್ವೀಕರಿಸಬೇಕೆಂದು ಶಾಸ್ತ್ರ ಹೇಳಿದ್ದರ ಅರ್ಥ ಇಂಥಲ್ಲಿ ತಾನಾಗಿಯೇ ತಿಳಿಯುವುದು.

ಅರ್ಪಿಸುವುದೆಂದರೇನು? ವಾರ್ತೆಯನ್ನು ಲಿಂಗದ ಮುಂದೆ ಹಿಡಿದು ಮಂತ್ರ ಹೇಳುವುದೆಂದು ಯಾರೂ ತಿಳಿಯಬಾರದು. ಬಂದುದನ್ನು ನನ್ನದೆಂದು ತಕ್ಷಣ ಬಾಚಿಕೊಳ್ಳದೆ, ತಡೆದು, ಇದು ಸ್ವೀಕಾರಕ್ಕೆ ಯೋಗ್ಯವೋ ಅಲ್ಲವೋ ಎಂದು ಶುದ್ಧ ಬುದ್ಧಿಯಿಂದ ನೋಡುವುದೇ ಅರ್ಪಿತದ ಮೊದಲ ಹೆಜ್ಜೆ. ಈ ನೋಟಕ್ಕೆ ಶರಣರೇ ಒಂದು ಸಾಧನವನ್ನು ಕೊಟ್ಟಿದ್ದಾರೆ. ಅದು ಅಂಕಿತ.

ವಚನಗಳನ್ನು ಓದುವಾಗ ಅಂಕಿತವನ್ನು ನಾವು ಇಷ್ಟದೈವದ ಸ್ಮರಣೆಯೆಂದು ಕೈಮುಗಿದು ಮುಂದೆ ಹೋಗುತ್ತೇವೆ. ಅದು ಸ್ಮರಣೆಯೂ ಹೌದು. ಆದರೆ ಕೂಡಲಸಂಗಮದೇವ ಎಂದಾಗ ಬಸವಣ್ಣನವರು, ಗುಹೇಶ್ವರ ಎಂದಾಗ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದಾಗ ಅಕ್ಕಮಹಾದೇವಿಯವರು ಎದ್ದು ನಿಂತು, ಈ ಮಾತು ನನ್ನದು, ನನ್ನ ಆರಾಧ್ಯನನ್ನು ಸಾಕ್ಷಿಯಾಗಿಟ್ಟು ಆಡಿದ್ದೇನೆ ಎಂದು ಹೊಣೆ ಹೊರುತ್ತಾರೆ. ಅನುಭವಮಂಟಪದಲ್ಲಿ ಮಾತಾಡಿದವನು ಮಾತಿಗೆ ಉತ್ತರ ಕೊಡಬೇಕಾಗಿತ್ತು. ಹೊಣೆ ಹೊರುವವನಿಲ್ಲದ ಮಾತಿಗೆ ಅಲ್ಲಿ ಪೀಠವಿರಲಿಲ್ಲ. ಮಕ್ಕಳ ಕಳ್ಳರ ಸುದ್ದಿಗೆ ಇಂಥ ಅಂಕಿತವೆಲ್ಲಿತ್ತು? ಕಂಡವರಾರು, ಬರೆದವರಾರು, ಯಾವ ಊರು, ಯಾವ ದಿನ, ಯಾವುದೂ ಇರಲಿಲ್ಲ. ಕಳುಹಿಸಿದವನು ಪರಿಚಯದವನು ಎಂಬುದೊಂದೇ ಅದರ ಬಲ. ಪರಿಚಯದವನು ಅದನ್ನು ತಂದವನೇ ಹೊರತು ಕಂಡವನಲ್ಲ.

ಅಂಕಿತವೂ ಮೋಸವಾಗಬಾರದೇ ಎಂದು ಕೇಳಬಹುದು. ಆಗಬಹುದು, ಆಗಿದೆ. ಫ. ಗು. ಹಳಕಟ್ಟಿಯವರು ಹಳ್ಳಿಹಳ್ಳಿಗೆ ತಿರುಗಿ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದುದು ಎಲ್ಲರಿಗೂ ತಿಳಿದದ್ದೇ. ಅವರು 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ, 1927ರಲ್ಲಿ ನವಕರ್ನಾಟಕವೆಂಬ ವಾರ್ತಾಪತ್ರಿಕೆಯನ್ನೂ ವಿಜಾಪುರದಿಂದ ಹೊರಡಿಸಿದವರು. ಒಂದೇ ಕೈ ಹಳೆಯ ವಚನವನ್ನೂ ಹೊಸ ವಾರ್ತೆಯನ್ನೂ ಶೋಧಿಸುತ್ತಿತ್ತು. ಒಂದೇ ವಚನ ಬೇರೆ ಬೇರೆ ಕಟ್ಟುಗಳಲ್ಲಿ ಬೇರೆ ಬೇರೆ ಪಾಠದಲ್ಲಿರುವುದು ಹಸ್ತಪ್ರತಿಗಳಲ್ಲಿ ಸಾಮಾನ್ಯ. ಬರೆದುಕೊಂಡವರ ಕೈತಪ್ಪು, ಸೇರಿಸಿದ ಮಾತು, ಅದಲುಬದಲಾದ ಅಂಕಿತ ಎಲ್ಲವೂ ಇರುತ್ತವೆ. ಸಂಪಾದಕನಾದವನು ಒಂದು ಪ್ರತಿಯನ್ನು ನೆಚ್ಚದೆ ಹಲವನ್ನು ಎದುರುಬದುರು ಇಟ್ಟು ನೋಡುತ್ತಾನೆ. ಇಂದು ಬಸವಣ್ಣನವರ ಭಾವಚಿತ್ರದ ಕೆಳಗೆ ಅವರ ಅಂಕಿತವನ್ನೇ ಹಚ್ಚಿ, ಅವರು ಹೇಳದ ಮಾತನ್ನು ಬೆಳಗಿನ ಶುಭಾಶಯವೆಂದು ಕಳುಹಿಸುವವರಿದ್ದಾರೆ. ಕರ್ನಾಟಕ ಸರ್ಕಾರದ ಸಮಗ್ರ ವಚನ ಸಂಪುಟಗಳು, ಒಟ್ಟು 15, 1993ರಲ್ಲಿ ಪ್ರಕಟವಾಗಿವೆ. ಸಂದೇಹ ಬಂದ ಮಾತನ್ನು ಅಲ್ಲಿ ಹುಡುಕಿ ನೋಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಕೊಡದವನು ವಚನವನ್ನು ಹಂಚಿದನೆಂದು ಹೆಮ್ಮೆಪಡುವುದು ನನಗಂತೂ ಸರಿಕಾಣದು.

ವೃತ್ತಪತ್ರಿಕೆಗೆ ಮಾತ್ರ ಒಂದು ಬಗೆಯ ಅಂಕಿತವನ್ನು ರಾಜ್ಯದ ಕಾನೂನೇ ವಿಧಿಸಿತು. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಎಂಬುದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಬೇಕೆಂದು 1867ರ ಕಾಯದೆ ಹೇಳಿತ್ತು. ಈಗ ಅದರ ಸ್ಥಾನಕ್ಕೆ 2023ರ ಕಾಯದೆ ಬಂದಿದೆ. ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿರುವ ಆ ಸಾಲನ್ನು ಓದುವವರು ವಿರಳ. ಆದರೆ ತಪ್ಪು ವರದಿಯಿಂದ ನೊಂದವನು ಯಾರ ಬಾಗಿಲಿಗೆ ಹೋಗಬೇಕೆಂಬುದನ್ನು ಆ ಸಾಲೇ ಹೇಳುತ್ತದೆ. ಅವನು ಮೊದಲು ಸಂಪಾದಕರಿಗೆ ಬರೆಯಬೇಕು. ಸಮಾಧಾನವಾಗದಿದ್ದರೆ 1966ರಲ್ಲಿ ಸ್ಥಾಪಿತವಾದ ಭಾರತೀಯ ಪತ್ರಿಕಾ ಮಂಡಳಿಗೆ ದೂರಬಹುದು. ಮಂಡಳಿಯು ಎಚ್ಚರಿಸಬಲ್ಲುದು, ಖಂಡಿಸಬಲ್ಲುದು, ದಂಡ ವಿಧಿಸಲಾರದು. ಹಲ್ಲಿಲ್ಲದ ಮಂಡಳಿಯೆಂದು ಹಲವರು ಹಳಿಯುವುದುಂಟು. ಚುನಾವಣೆಯ ಕಾಲದಲ್ಲಿ ಹಣ ಪಡೆದು ಜಾಹೀರಾತನ್ನೇ ವಾರ್ತೆಯ ವೇಷದಲ್ಲಿ ಅಚ್ಚು ಹಾಕಿದ ಸಂಗತಿಯನ್ನು 2010ರಲ್ಲಿ ಇದೇ ಮಂಡಳಿಯ ಉಪಸಮಿತಿ ವಿಚಾರಿಸಿ ವರದಿ ಬರೆಯಿತು. ಆದುದರಿಂದ ಅಚ್ಚಾದದ್ದೆಲ್ಲ ಸತ್ಯವೆಂಬ ಭ್ರಮೆ ಬೇಡ. ಬರೆಯುವುದೂ ಒಂದು ಕಾಯಕ. ಸತ್ಯಶುದ್ಧವಲ್ಲದ ಕಾಯಕದ ದ್ರವ್ಯ ಲಿಂಗಕ್ಕೆ ಸಲ್ಲದೆಂಬ ಶರಣರ ನಿಯಮ ಪತ್ರಿಕಾಕರ್ತನಿಗೂ ಅನ್ವಯಿಸುತ್ತದೆ.

ದೂರವಾಣಿಯ ಸಂದೇಶದ ಹೊಣೆಯಾದರೋ ಯಾರದೆಂಬ ವಾದ ಇನ್ನೂ ಮುಗಿದಿಲ್ಲ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರವು ವಾಟ್ಸಾಪ್ ಸಂಸ್ಥೆಗೆ ಎಚ್ಚರಿಕೆಯ ಪತ್ರ ಬರೆಯಿತು. ಸಂಸ್ಥೆಯು, ಬೇರೆಯವರಿಂದ ಬಂದದ್ದನ್ನು ಮುಂದಕ್ಕೆ ಕಳುಹಿಸಿದರೆ ಅದರ ಮೇಲೆ ಗುರುತು ಬೀಳುವಂತೆ ಮಾಡಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚಿಗೆ ಕಳುಹಿಸಲಾಗದಂತೆ ಮಿತಿಯಿಟ್ಟಿತು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಆದರೆ ಸಂದೇಶಗಳು ಗೂಢಲಿಪಿಯಲ್ಲಿ ಹೋಗುವುದರಿಂದ ಸಂಸ್ಥೆಯೇ ಅವುಗಳನ್ನು ಓದಲಾರದು. ಮುರ್ಕಿಯ ಘಟನೆಯ ನಾಲ್ಕನೆಯ ದಿನ, ಜುಲೈ 17ರಂದು, ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಯನ್ನು ತಡೆಯಲು ಜಿಲ್ಲೆಗೊಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದು ಆಜ್ಞಾಪಿಸಿತು. ಸರ್ಕಾರವೇ ತನ್ನ ವ್ಯವಹಾರದ ಸುದ್ದಿಗಳಲ್ಲಿ ಸುಳ್ಳಾವುದೆಂದು ತೀರ್ಮಾನಿಸುವ ಘಟಕವೊಂದನ್ನು 2023ರ ನಿಯಮಗಳಲ್ಲಿ ಯೋಜಿಸಿದಾಗ, ಮುಂಬಯಿ ಉಚ್ಚ ನ್ಯಾಯಾಲಯವು 2024ರಲ್ಲಿ ಅದನ್ನು ರದ್ದುಮಾಡಿತು. ಅದು ಸರಿಯೆಂದೇ ನನ್ನ ಅಭಿಪ್ರಾಯ. ದೊರೆಯ ಭಂಡಾರದಲ್ಲಿದ್ದುಕೊಂಡೇ ದೊರೆಗೆ ಅಂಜದೆ ನುಡಿದವರ ಪರಂಪರೆ ನಮ್ಮದು. ಸತ್ಯದ ತಕ್ಕಡಿಯನ್ನು ಸಿಂಹಾಸನದ ಕೈಗೆ ಕೊಡಲು ನಾವು ಒಪ್ಪಲಾಗದು. ಹಾಗೆ ಕೊಡದಿದ್ದರೆ ಆ ತಕ್ಕಡಿಯನ್ನು ಹಿಡಿಯುವ ಕೆಲಸ ನಮ್ಮ ಪಾಲಿಗೆ ಬರುವುದೆಂಬುದನ್ನೂ ಒಪ್ಪಬೇಕು.

ಕೆಲವು ಸದ್ಭಕ್ತರು ಹೇಳುವುದುಂಟು: ಸುದ್ದಿ ನಿಜವಾಗಿದ್ದರೆ? ನೆರೆಯವರ ಮಗುವಿಗೆ ಅಪಾಯವಿದ್ದಾಗ ಸುಮ್ಮನಿರುವುದು ಗಣಾಚಾರಕ್ಕೆ ಸಲ್ಲುವುದೇ? ಈ ಪ್ರಶ್ನೆಯಲ್ಲಿ ಪ್ರಾಮಾಣಿಕತೆಯಿದೆ, ಹಗುರವಾಗಿ ತಳ್ಳಲಾಗದು. ಸಂಶಯ ಬಂದರೆ ಸುಮ್ಮನಿರಬೇಕಾಗಿಲ್ಲ. 112 ಎಂಬ ಸಂಖ್ಯೆಗೆ ಕರೆಮಾಡಿದರೆ ಪೊಲೀಸರಿಗೆ ತಿಳಿಯುವುದು. ಮಕ್ಕಳ ಸಹಾಯಕ್ಕೆಂದೇ 1098 ಇದೆ. ಅಲ್ಲಿ ಹೇಳುವವನು ತನ್ನ ಹೆಸರು ಹೇಳುತ್ತಾನೆ, ಕಂಡದ್ದನ್ನು ಹೇಳುತ್ತಾನೆ. ನೂರು ಜನರ ಗುಂಪಿಗೆ ಸಂದೇಶ ತಳ್ಳುವವನು ಇವೆರಡನ್ನೂ ಮಾಡುವುದಿಲ್ಲ. ಗಣಾಚಾರವು ಆಚಾರಗಳಲ್ಲೊಂದು, ಗುಂಪಿನ ಕೋಪಕ್ಕೆ ಇಟ್ಟ ಹೆಸರಲ್ಲ. ಭೃತ್ಯಾಚಾರ, ಸದಾಚಾರಗಳನ್ನು ಬಿಟ್ಟು ಅದೊಂದೇ ನಿಲ್ಲಲಾರದು.

ತಿದ್ದುವ ಕೆಲಸ ಸುಲಭವೆಂದೂ ತಿಳಿಯಬಾರದು. ತ್ರಿಪುರಾ ರಾಜ್ಯದಲ್ಲಿ 2018ರ ಜೂನ್ 28ರಂದು, ವದಂತಿಯನ್ನು ನಂಬಬೇಡಿರೆಂದು ಧ್ವನಿವರ್ಧಕದಲ್ಲಿ ಸಾರಲು ಸರ್ಕಾರದ ವಾರ್ತಾ ಇಲಾಖೆ ಕಳುಹಿಸಿದ್ದ ಮನುಷ್ಯನನ್ನೇ ಜನ ಮಕ್ಕಳ ಕಳ್ಳನೆಂದು ಕೊಂದರು. ವದಂತಿ ಬೇರೂರಿದ ಮೇಲೆ ಸತ್ಯ ಹೇಳುವವನೂ ಪರಕೀಯನಾಗುತ್ತಾನೆ. ನಮ್ಮ ರಾಯಚೂರಿಗೆ ತಾಗಿದ ತೆಲಂಗಾಣದ ಗದ್ವಾಲ ಜಿಲ್ಲೆಯಲ್ಲಿ ಇದೇ ವದಂತಿ ಎದ್ದಾಗ ಅಲ್ಲಿಯ ಪೊಲೀಸ್ ವರಿಷ್ಠಾಧಿಕಾರಿಯವರು ಬೇರೆ ಉಪಾಯ ಹೂಡಿದರು. ಹಳ್ಳಿಗಳ ಹೊಣೆಯನ್ನು ಪೊಲೀಸರಿಗೆ ಹಂಚಿಕೊಟ್ಟು ಮನೆಮನೆಯ ಪರಿಚಯ ಬೆಳೆಸಿದರು. ಜಾನಪದ ಕಲಾವಿದರಿಂದ ಊರ ನಡುವೆ ಹಾಡಿಸಿದರು. ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಅದೇ ವರ್ಷ ಸತ್ಯಮೇವ ಜಯತೇ ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳ ಮಕ್ಕಳಿಗೆ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠ ನಡೆಯಿತು.

ಈ ಪಾಠವನ್ನು ನಡೆಸಲು ಮಠಗಳಿಗೆ ಹೊಸ ವ್ಯವಸ್ಥೆ ಬೇಕಾಗಿಲ್ಲ. ತಿಂಗಳಿಗೊಮ್ಮೆ ಸೇರುವ ಶಿವಾನುಭವ ಗೋಷ್ಠಿಯಲ್ಲಿ ಪ್ರವಚನ ಮುಗಿದ ಮೇಲೆ, ಆ ತಿಂಗಳು ಊರಿನಲ್ಲಿ ಹರಿದಾಡಿದ ಒಂದೇ ಒಂದು ಸಂದೇಶವನ್ನು ಎತ್ತಿಕೊಂಡು ಪರೀಕ್ಷಿಸಬಹುದು. ಇದನ್ನು ಹೇಳಿದವರಾರು, ಕಂಡವರಾರು, ಎಂದಿನದು, ಎಲ್ಲಿಯದು, ಹಿಂದುಮುಂದಿನ ಭಾಗವೆಲ್ಲಿ, ಬೇರೆ ಯಾರಾದರೂ ಹೆಸರು ಹಾಕಿ ಇದನ್ನೇ ಹೇಳಿದ್ದಾರೆಯೇ ಎಂದು ಕೇಳುತ್ತ ಹೋಗಬೇಕು. ಯಂತ್ರವನ್ನು ಬಲ್ಲ ಮಕ್ಕಳು, ಲೋಕವನ್ನು ಬಲ್ಲ ಹಿರಿಯರ ಪಕ್ಕದಲ್ಲಿ ಕುಳಿತು ಹುಡುಕಲಿ. ಅಕ್ಕನ ಬಳಗದ ತಾಯಂದಿರು ತಮ್ಮ ಮನೆಗೆ ಬಂದುದನ್ನು ಸಂಕೋಚವಿಲ್ಲದೆ ಓದಿ ಹೇಳಲಿ. ಸಂದೇಶವನ್ನು ಕಳುಹಿಸಿದವರ ಹೆಸರನ್ನು ಗೋಷ್ಠಿಯಲ್ಲಿ ಎತ್ತಿ ಅವಮಾನಿಸಬಾರದು. ಮೊದಲ ಗೋಷ್ಠಿಗೆ ವಚನದ ಹೆಸರಿನಲ್ಲಿ ಬಂದ ಸಂದೇಶವನ್ನೇ ಆರಿಸಿಕೊಂಡರೆ ಒಳ್ಳೆಯದು. ಸಮಗ್ರ ವಚನ ಸಂಪುಟಗಳು ಮಠದ ಗ್ರಂಥಭಂಡಾರದಲ್ಲಿದ್ದರೆ ಅಂದು ಅವುಗಳನ್ನು ಹೊರಗೆ ತಂದಿಡುವುದು.