ಆಟೋ ಆಫ್ ಮಾಡಿ ಶುರುಮಾಡು

ಕತೆ ಬರೆದಾಯಿತು, ಗೆಳೆಯರು ನಟಿಸಲು ಒಪ್ಪಿದ್ದಾರೆ, ಕ್ಯಾಮೆರಾ ಎರಡು ದಿನಕ್ಕೆ ಬಾಡಿಗೆಗೆ ಸಿಕ್ಕಿದೆ ಎಂದೆಯಲ್ಲ, ಬಹಳ ಸಂತೋಷ. ಶೂಟಿಂಗ್‌ಗೆ ಹೊರಡುವ ಮುಂಚೆ ನಾಲ್ಕು ಮಾತು ಕೇಳಿಸಿಕೋ. ಹೊಸಬರು ತೆಗೆದ ಕಿರುಚಿತ್ರಗಳನ್ನು ಆಸೆಯಿಂದ ನೋಡುತ್ತ ಬಂದವನು ನಾನು. ಎಷ್ಟೋ ಸಲ ಕತೆ ಗಟ್ಟಿಯಾಗಿರುತ್ತದೆ, ನಟನೆಯೂ ಒಪ್ಪುವಂತಿರುತ್ತದೆ, ಕ್ಯಾಮೆರಾ ಕೆಲಸ ಕೈಕೊಟ್ಟಿರುತ್ತದೆ. ಆ ತಪ್ಪುಗಳಲ್ಲಿ ಮುಕ್ಕಾಲು ಪಾಲಿಗೆ ಬೇರು ಒಂದೇ. ತಾನು ಮಾಡಬೇಕಾದ ತೀರ್ಮಾನವನ್ನು ಯಂತ್ರದ ಪಾಲಿಗೆ ಬಿಟ್ಟಿರುತ್ತಾರೆ.

ಎಕ್ಸ್‌ಪೋಷರನ್ನು ಆಟೋದಲ್ಲಿ ಬಿಟ್ಟರೆ ಏನಾಗುತ್ತದೆ ನೋಡು. ನಡುಮನೆಯಲ್ಲಿ ಮಗಳು ಕೂತು ಓದುತ್ತಿದ್ದಾಳೆ, ಬಿಳಿ ಪಂಚೆ ಉಟ್ಟ ಅಪ್ಪ ಒಳಗೆ ಬರುತ್ತಾನೆ. ಆ ಬಿಳುಪು ಕಂಡ ಕೂಡಲೇ ಕ್ಯಾಮೆರಾ ಬೆಳಕನ್ನು ತಗ್ಗಿಸುತ್ತದೆ, ಮಗಳ ಮುಖ ಕಪ್ಪಿಡುತ್ತದೆ. ಅಪ್ಪ ಆಚೆ ಸರಿದರೆ ಮತ್ತೆ ಬೆಳಗುತ್ತದೆ. ಎದುರಿಗಿರುವುದನ್ನೆಲ್ಲ ಸರಾಸರಿ ಮಾಡಿ ಒಂದು ನಡು ಬೂದುಬಣ್ಣಕ್ಕೆ ತರುವುದಷ್ಟೇ ಅದಕ್ಕೆ ಗೊತ್ತು. ಈ ದೃಶ್ಯದಲ್ಲಿ ಮಗಳ ಮುಖವೇ ಮುಖ್ಯ ಎಂಬುದು ನಿನಗೆ ಮಾತ್ರ ಗೊತ್ತು. ಆದ್ದರಿಂದ ಮ್ಯಾನ್ಯುಯಲ್‌ಗೆ ಹಾಕು, ಅವಳ ಮುಖಕ್ಕೆ ಅಳತೆ ಮಾಡು, ಶಾಟ್ ಮುಗಿಯುವವರೆಗೆ ಮುಟ್ಟಬೇಡ. ಫೋನ್‌ನಲ್ಲಿ ತೆಗೆಯುವುದಾದರೂ ಪರದೆಯ ಮೇಲೆ ಬೆರಳೊತ್ತಿ ಹಿಡಿದರೆ ಹೆಚ್ಚಿನವುಗಳಲ್ಲಿ ಫೋಕಸ್, ಎಕ್ಸ್‌ಪೋಷರ್ ಎರಡೂ ಲಾಕ್ ಆಗುತ್ತವೆ. ಬಿಸಿಲಲ್ಲಿ ಬಿಳಿ ಬಟ್ಟೆಯ ಬಗ್ಗೆ ಇನ್ನೂ ಎಚ್ಚರ ಬೇಕು. ಪೂರ್ತಿ ಬೆಳ್ಳಗೆ ಸುಟ್ಟುಹೋದ ಜಾಗದಲ್ಲಿ ಯಾವ ವಿವರವೂ ದಾಖಲಾಗಿರುವುದಿಲ್ಲ, ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಅದು ಮರಳಿ ಬಾರದು. ಸಾಧ್ಯವಾದರೆ ಪಾತ್ರಧಾರಿಗೆ ಮಾಸಲು ಬಣ್ಣದ್ದೇ ಉಡಿಸು.

ಶಟರ್ ವೇಗದ್ದು ಎಲ್ಲರೂ ಎಡವುವ ಕಡೆ. ಸೆಕೆಂಡಿಗೆ 24 ಫ್ರೇಮ್ ತೆಗೆಯುತ್ತಿದ್ದರೆ ಶಟರ್ 1/50ರಲ್ಲಿರಲಿ, ಅಂದರೆ ಫ್ರೇಮ್ ಸಂಖ್ಯೆಯ ಹೆಚ್ಚುಕಡಿಮೆ ಎರಡರಷ್ಟು. ಕೈಯಾಡಿಸಿದಾಗ, ನಡೆದಾಗ ಸಹಜವಾಗಿ ಕಾಣುವ ಸಣ್ಣ ಮಸುಕು ಆಗ ಸಿಗುತ್ತದೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್‌ನದು, ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಆದರೆ 60 ಹರ್ಟ್ಸ್ ದೇಶದವರ ವಿಡಿಯೊ ಪಾಠ ನೋಡಿ 1/60 ಇಟ್ಟುಕೊಂಡರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ತೆವಳತೊಡಗುತ್ತವೆ. ಇಲ್ಲಿ 1/50 ಅಥವಾ 1/100 ಕ್ಷೇಮ.

ಹೊರಗೆ ಮಧ್ಯಾಹ್ನದ ಬಿಸಿಲಿಗೆ 1/50 ಇಟ್ಟರೆ ಚಿತ್ರ ಬೆಳ್ಳಗಾಗುತ್ತದೆ. ಆಗ ಹೊಸಬರು ಶಟರನ್ನು 1/2000ಕ್ಕೆ ಏರಿಸಿಬಿಡುತ್ತಾರೆ, ನಡೆಯುವ ಮನುಷ್ಯ ತಟತಟನೆ ತುಂಡಾದಂತೆ ಕಾಣುತ್ತಾನೆ. ಅದರ ಬದಲು ಲೆನ್ಸ್ ಮುಂದೆ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕು. ಕ್ಯಾಮೆರಾ ಬಾಡಿಗೆಗೆ ತರುವಾಗಲೇ ಅದನ್ನೂ ಕೇಳಿ ತಾ.

ಬಣ್ಣದ ಹದವೂ ನಿನ್ನದೇ. ಹಳದಿ ಬಲ್ಬಿನ ಬೆಳಕು ಸುಮಾರು 3200 ಕೆಲ್ವಿನ್, ಹಗಲಿನದು 5600ರ ಆಸುಪಾಸು. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಒಂದೇ ದೃಶ್ಯದ ಎರಡು ಶಾಟ್‌ಗಳಲ್ಲಿ ಒಂದೇ ಗೋಡೆ ಒಮ್ಮೆ ಹಳದಿ, ಒಮ್ಮೆ ನೀಲಿ. ಕಿಟಕಿಯ ಬೆಳಕೋ ಬಲ್ಬೋ, ಒಂದನ್ನು ಆರಿಸಿಕೋ. ಸಾಧ್ಯವಿದ್ದರೆ ಇನ್ನೊಂದರ ಬೆಳಕು ಬೀಳದಂತೆ ಮಾಡು.

ಈಗ ಬೆಳಕಿನ ಮಾತಿಗೆ ಬರುತ್ತೇನೆ, ನನಗೆ ಬಹಳ ಹತ್ತಿರದ ವಿಷಯ. ಚಿತ್ರ ಚೆನ್ನಾಗಿ ಬರಲಿಲ್ಲವೆಂದರೆ ಕ್ಯಾಮೆರಾ ಅಗ್ಗದ್ದಾಯಿತು ಎಂದುಕೊಳ್ಳುತ್ತಾರೆ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರನ್ನು ನೆನೆ. ಬೆಂಗಳೂರಿನ ಎಸ್‌.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು, ಗುರುದತ್ ಚಿತ್ರಗಳ ಕಣ್ಣಾದವರು. 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೊದೊಳಗೆ ಇಳಿಯುವ ಆ ಬೆಳಕಿನ ಕೋಲನ್ನು ಹೇಗೆ ತಂದರು ಗೊತ್ತೇ? ದೊಡ್ಡ ಎರಡು ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಛಾಯಾಗ್ರಾಹಕರಲ್ಲಿ ಮೊದಲ ಬಾರಿಗೆ ಫಾಲ್ಕೆ ಪ್ರಶಸ್ತಿ ಸಂದದ್ದು ಅವರಿಗೇ, 2008ರ ಸಾಲಿನದು. ಬಂಗಾಳದ ಸುಬ್ರತ ಮಿತ್ರ 'ಪಥೇರ್ ಪಾಂಚಾಲಿ'ಗೆ ಮುಂಚೆ ಮೂವಿ ಕ್ಯಾಮೆರಾ ನಡೆಸಿದವರೇ ಅಲ್ಲ. ಅವರೇ 1956ರ 'ಅಪರಾಜಿತೊ'ಗಾಗಿ ಸ್ಟುಡಿಯೊದಲ್ಲಿ ಹಾಕಿದ್ದ ಕಾಶಿಯ ಮನೆಯ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಅದಕ್ಕೆ ಹೊಡೆದು, ಮರಳಿ ಬಿದ್ದ ಮೆತ್ತನೆಯ ಬೆಳಕಿನಲ್ಲಿ ನಿಜವಾದ ಹಗಲನ್ನು ತೋರಿಸಿದರು. ಕನ್ನಡಿ, ಬಟ್ಟೆ! ನಿನ್ನ ಮನೆಯಲ್ಲೂ ಇವೆ. ಒಂದು ಥರ್ಮೋಕೋಲ್ ಹಾಳೆ ಸೇರಿಸಿಕೋ. ಕಿಟಕಿಗೆ ಬೆನ್ನು ಮಾಡಿ ನಟನನ್ನು ನಿಲ್ಲಿಸಬೇಡ, ಕಿಟಕಿ ಪಕ್ಕಕ್ಕಿರಲಿ. ಕತ್ತಲಾದ ಕೆನ್ನೆಗೆ ಆ ಹಾಳೆಯಿಂದ ಬೆಳಕು ತಿರುಗಿಸಿ ನೋಡು. ನಡು ಮಧ್ಯಾಹ್ನ ನೆತ್ತಿಯ ಬಿಸಿಲು ಕಣ್ಣಿನ ಗುಳಿಗೆ ನೆರಳು ಹಾಕುತ್ತದೆ. ಆ ಹೊತ್ತಿನಲ್ಲಿ ಒಳಾಂಗಣದ ದೃಶ್ಯ ಮುಗಿಸಿಕೋ, ಹೊರಗಿನದನ್ನು ಬೆಳಿಗ್ಗೆ, ಸಂಜೆಗೆ ಇಟ್ಟುಕೋ.

ಹಿನ್ನೆಲೆ ಮಸುಕಾದರೆ ಸಿನಿಮಾದಂತೆ ಕಾಣುತ್ತದೆ ಎಂಬ ಆಸೆಗೆ ಬಿದ್ದು ಲೆನ್ಸಿನ ಅಪರ್ಚರನ್ನು 1.8ಕ್ಕೆ ಪೂರ್ತಿ ತೆರೆದಿಡುವವರಿದ್ದಾರೆ. ಕ್ಲೋಸಪ್‌ನಲ್ಲಿ ನಟ ತುಸು ಮುಂದೆ ಬಾಗಿದರೂ ಕಣ್ಣು ಹೋಗಿ ಕಿವಿ ಸ್ಪಷ್ಟವಾಗುತ್ತದೆ. ಆಟೋಫೋಕಸ್ ಅಲ್ಲೇ ತಡಕಾಡತೊಡಗುತ್ತದೆ. 4 ಅಥವಾ 5.6ರಲ್ಲಿ ತೆಗೆ. ಮಸುಕು ಮಾಡಿದ ಆ ಹಿನ್ನೆಲೆಯಲ್ಲೇ ನಿನ್ನ ಕತೆಯ ಮನೆ, ಊರು, ಅವರ ಬದುಕು ಇರುವುದು. ಅದನ್ನೇಕೆ ಅಳಿಸುತ್ತೀಯ?

ಅಲುಗಾಟ, ಝೂಮ್, ಪ್ಯಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಮೆರಾ ಏಕೆ ಚಲಿಸುತ್ತಿದೆ ಎಂದು ಕೇಳಿದರೆ ಉತ್ತರ ನಿನ್ನ ಬಳಿ ಇರಬೇಕು. ಇಲ್ಲದಿದ್ದರೆ ಟ್ರೈಪಾಡ್. ಪ್ಯಾನ್ ಮಾಡಿದರೆ ನೋಡತಕ್ಕ ಒಂದು ವಸ್ತುವಿನ ಮೇಲೆ ಅದು ಬಂದು ನಿಲ್ಲಲಿ.

ಜಗಲಿಯ ಮೇಲೆ ಕೂತು ಇಬ್ಬರು ಮಾತಾಡುವ ದೃಶ್ಯದಲ್ಲಿ ಅವರಿಬ್ಬರ ನಡುವೆ ಒಂದು ಗೆರೆ ಎಳೆದಂತೆ ಭಾವಿಸು. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರಬೇಕು. ದಾಟಿದೆಯೋ, ಎಡಿಟಿಂಗ್‌ನಲ್ಲಿ ಇಬ್ಬರೂ ಒಂದೇ ಕಡೆಗೆ ನೋಡುತ್ತ ಮೂರನೆಯವರೊಡನೆ ಮಾತಾಡಿದಂತೆ ಕಾಣುತ್ತದೆ. ತೆಗೆಯುವಾಗ ಇದು ಹೊಳೆಯುವುದೇ ಇಲ್ಲ. ಅದಕ್ಕೇ ಬೆಳಿಗ್ಗೆಯೇ ಕಾಗದದ ಮೇಲೆ ಮನೆಯ ನಕ್ಷೆ ಬರೆದು, ಕ್ಯಾಮೆರಾ ಎಲ್ಲೆಲ್ಲಿ ಎಂದು ಗುರುತು ಹಾಕಿಕೋ.

ಹೊರಡುವ ಮೊದಲು ಒಂದು ಸಂಜೆ 'ಘಟಶ್ರಾದ್ಧ' ನೋಡು. ಗಿರೀಶ್ ಕಾಸರವಳ್ಳಿಯವರ 1977ರ ಕಪ್ಪುಬಿಳುಪು ಚಿತ್ರ, ಛಾಯಾಗ್ರಹಣ ಎಸ್. ರಾಮಚಂದ್ರ. ಒಮ್ಮೆ ಸುಮ್ಮನೆ ನೋಡು, ಎರಡನೆಯ ಸಲ ಸೌಂಡ್ ಪೂರ್ತಿ ತಗ್ಗಿಸಿ ನೋಡು. ಪ್ರತಿ ಶಾಟ್‌ನಲ್ಲೂ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂದು ಬರೆದುಕೊಳ್ಳುತ್ತ ಹೋಗು.

ಇನ್ನು ಸೆಟ್‌ನ ಶಿಸ್ತು. ರೆಕಾರ್ಡ್ ಒತ್ತಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ ಆಕ್ಷನ್ ಹೇಳು, ಮಾತು ಮುಗಿದ ಮೇಲೂ ಐದು ಎಣಿಸಿಯೇ ಕಟ್. ಆ ಮೌನದ ಸೆಕೆಂಡುಗಳು ಎಡಿಟರ್‌ಗೆ ಬೇಕೇ ಬೇಕು. ಕ್ಯಾಮೆರಾದ ಮೈಕನ್ನು ನಂಬಬೇಡ, ನಟರ ಹತ್ತಿರಕ್ಕೆ ಬೇರೆ ಮೈಕ್ ಇಡು. ಲೆನ್ಸ್ ಒರೆಸಿಕೋ. ರಾತ್ರಿ ಎಷ್ಟೇ ಆಯಾಸವಾಗಿರಲಿ, ತೆಗೆದದ್ದನ್ನೆಲ್ಲ ಎರಡು ಬೇರೆ ಬೇರೆ ಡಿಸ್ಕ್‌ಗೆ ಹಾಕಿ, ಫೈಲುಗಳು ತೆರೆದುಕೊಳ್ಳುತ್ತವೆಯೇ ಎಂದು ನೋಡಿದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್ ಮಾಡು. ಮೊದಲ ದಿನದ ರಷಸ್ ನನಗೂ ಕಳಿಸು, ಕೂತು ನೋಡುತ್ತೇನೆ.