ಸುಗ್ರೀವನು ಹೇಳಿದ ಭೂಪಟ

ನವರಾತ್ರಿಯ ದಿನಗಳಲ್ಲಿ ಶ್ರೀಮದ್ರಾಮಾಯಣದ ಪಾರಾಯಣ ಮಾಡುವ ಸಂಪ್ರದಾಯವು ಊರು ಬಿಟ್ಟು ಬಂದು ಮಹಾನಗರಗಳಲ್ಲಿ ನೆಲೆಸಿದ ಅನೇಕ ಕನ್ನಡ ಮನೆತನಗಳಲ್ಲಿ ಇಂದಿಗೂ ಉಳಿದು ಬಂದಿದೆ. ಸುಂದರಕಾಂಡ ಬಂದಿತೆಂದರೆ ಓದುವವರ ಕಂಠಕ್ಕೂ ಕೇಳುವವರ ಕಿವಿಗೂ ಹೊಸ ಹುರುಪು. ಆದರೆ ಅದಕ್ಕೆ ತುಸು ಮೊದಲು, ಕಿಷ್ಕಿಂಧಾಕಾಂಡದ 40ನೆಯ ಸರ್ಗದಿಂದ 43ನೆಯ ಸರ್ಗದವರೆಗೆ, ಕಥೆಯು ನಿಂತೇಹೋದಂತೆ ಭಾಸವಾಗುತ್ತದೆ. ಬೆಟ್ಟಗಳ ಹೆಸರು, ನದಿಗಳ ಹೆಸರು, ಜನಪದಗಳ ಹೆಸರು, ಮತ್ತೆ ಬೆಟ್ಟಗಳ ಹೆಸರು. ಪಾರಾಯಣ ಮಾಡುವವರು ಈ ನಾಲ್ಕು ಸರ್ಗಗಳನ್ನು ಬೇಗಬೇಗನೆ ಮುಗಿಸಿ ಮುಂದಕ್ಕೆ ಸಾಗುವುದುಂಟು. ಆದಿಕವಿಯು ಇವನ್ನು ಸುಮ್ಮನೆ ಬೆಳೆಸಿದನೇ ಎಂಬುದು ವಿಚಾರಣೀಯ.

ಸಂದರ್ಭವು ಸರ್ವವಿದಿತವಾದುದು. ಮಳೆಗಾಲ ಕಳೆದಿದೆ. ಪ್ರಸ್ರವಣ ಪರ್ವತದಲ್ಲಿ ಶ್ರೀರಾಮನು ಕಾದು ಕುಳಿತಿದ್ದಾನೆ. ವಾನರ ಸೇನೆ ನೆರೆದಿದೆ. ಸೀತಾದೇವಿಯು ಯಾವ ದಿಕ್ಕಿನಲ್ಲಿ ಇರುವಳೆಂದು ನಿಶ್ಚಯವಾಗಿ ಅರಿತವರಿಲ್ಲ. ಸುಗ್ರೀವನು ಸೇನೆಯನ್ನು ನಾಲ್ಕಾಗಿ ವಿಂಗಡಿಸಿ ವಿನತನನ್ನು ಪೂರ್ವಕ್ಕೂ, ತಾರೆಯ ತಂದೆಯಾದ ಸುಷೇಣನನ್ನು ಪಶ್ಚಿಮಕ್ಕೂ, ಶತಬಲಿಯನ್ನು ಉತ್ತರಕ್ಕೂ, ಅಂಗದ ಹನುಮಂತ ಜಾಂಬವಂತರನ್ನು ದಕ್ಷಿಣಕ್ಕೂ ನೇಮಿಸುತ್ತಾನೆ. ಅವಧಿ ಒಂದು ತಿಂಗಳು. ಹೊರಡುವ ಮುನ್ನ ಪ್ರತಿಯೊಬ್ಬ ನಾಯಕನಿಗೂ ಅವನವನ ದಿಕ್ಕಿನ ಭೂಮಿಯನ್ನು ಬಾಯ್ದೆರೆಯಾಗಿ ಬಣ್ಣಿಸುತ್ತಾನೆ. ಕಾಗದವಿಲ್ಲ, ಗೆರೆಯಿಲ್ಲ, ಆದರೂ ಇದು ಭೂಪಟವೇ ಸರಿ.

ಹಂಪೆಯ ಸುತ್ತಲಿನ ತುಂಗಭದ್ರಾ ತೀರವೇ ಕಿಷ್ಕಿಂಧೆಯೆಂದು ನಂಬಿಕೊಂಡು ಬಂದ ಕನ್ನಡಿಗರಿಗೆ ದಕ್ಷಿಣ ದಿಕ್ಕಿನ ವರ್ಣನೆಯಲ್ಲಿ ವಿಶೇಷವಾದ ಆಸ್ಥೆ ಇರುವುದು ಸಹಜ. ವಿಂಧ್ಯ, ನರ್ಮದೆ, ಗೋದಾವರಿ, ಕೃಷ್ಣವೇಣಿ, ಆ ಬಳಿಕ ಕಾವೇರಿ, ಅಗಸ್ತ್ಯರು ನೆಲೆಸಿದ ಮಲಯ ಪರ್ವತ, ತಾಮ್ರಪರ್ಣಿ, ಪಾಂಡ್ಯರ ಹೆಬ್ಬಾಗಿಲು, ಕಡಲಂಚಿನ ಮಹೇಂದ್ರ ಪರ್ವತ. (ಕಿಷ್ಕಿಂಧೆಯಿಂದ ದಕ್ಷಿಣಕ್ಕೆ ಹೊರಟವರಿಗೆ ವಿಂಧ್ಯವು ಎದುರಾಗುವುದೆಂತು, ಪೂರ್ವದ ಪ್ರಾಗ್ಜ್ಯೋತಿಷಪುರವು ಪಶ್ಚಿಮದ ವರ್ಣನೆಯಲ್ಲಿ ಬಂದುದೆಂತು ಎಂಬ ತೊಡಕುಗಳನ್ನು ವ್ಯಾಖ್ಯಾನಕಾರರಿಗೇ ಬಿಡುವುದು ಲೇಸು.) ಇಲ್ಲಿನ ಬಹುಪಾಲು ಹೆಸರುಗಳನ್ನು ಶಾಲೆಯ ಮಕ್ಕಳ ಅಟ್ಲಾಸಿನಲ್ಲಿ ಬೆರಳಿಟ್ಟು ತೋರಿಸಬಹುದು. ಮುಂದೆ ಸಮುದ್ರ, ಆಚೆಯ ದಡದಲ್ಲಿ 100 ಯೋಜನ ವಿಸ್ತಾರದ ದ್ವೀಪ. ಅದು ರಾವಣನ ವಾಸಸ್ಥಾನ, ಅಲ್ಲಿ ವಿಶೇಷವಾಗಿ ಹುಡುಕಬೇಕೆಂದು ಸುಗ್ರೀವನ ಅಪ್ಪಣೆ. ಆ ಕಡಲಿನ ನಡುವೆ ಅಂಗಾರಕೆಯೆಂಬ ರಾಕ್ಷಸಿಯುಂಟು. ಮೇಲೆ ಹಾರುವವರ ನೆರಳನ್ನು ಹಿಡಿದೆಳೆದು ನುಂಗುವವಳು. ದ್ವೀಪವನ್ನು ದಾಟಿದ ಮೇಲೆ ಪುಷ್ಪಿತಕ, ಸೂರ್ಯವಂತ, ವೈದ್ಯುತ, ಕುಂಜರ ಎಂಬ ಪರ್ವತಗಳು. ನಾಗರ ಭೋಗವತೀ ನಗರ. ಕಟ್ಟಕಡೆಗೆ ಪಿತೃಲೋಕ, ಯಮನ ರಾಜಧಾನಿ.

ಕಾವೇರಿಯಿಂದ ಯಮಪುರಿಯವರೆಗೆ ಒಂದೇ ಉಸಿರಿನಲ್ಲಿ ಸಾಗುವ ಈ ವರ್ಣನೆಯಲ್ಲಿ, ಕಂಡ ನೆಲ ಎಲ್ಲಿ ಮುಗಿಯಿತು, ಕಾಣದ ನೆಲ ಎಲ್ಲಿ ತೊಡಗಿತು ಎಂದು ಹೇಳುವುದು ಕಷ್ಟ. ಉಳಿದ ದಿಕ್ಕುಗಳಲ್ಲಿಯೂ ಹೀಗೆಯೇ. ಪೂರ್ವದಲ್ಲಿ ಹಾಲಿನ ಕಡಲು, ಬೆಳ್ಳಿಯ ತಾವರೆಗಳ ಸುದರ್ಶನ ಸರೋವರ, ವಡವಾಮುಖದ ಸಮುದ್ರ; ಆಚೆ ಹೊನ್ನಿನ ಬೆಟ್ಟದ ಮೇಲೆ ಸಾವಿರ ಹೆಡೆಯ ಅನಂತ; ಅವನ ಬಳಿ ಮೂರು ತಲೆಗಳುಳ್ಳ ಹೊನ್ನಿನ ತಾಳೆಮರ. ಆ ತಾಳೆಯೇ ಪೂರ್ವದಿಕ್ಕಿಗೆ ದೇವತೆಗಳು ನೆಟ್ಟ ಗುರುತು. ಹಳ್ಳಿಯ ಹೊಲಕ್ಕೆ ಗಡಿಕಲ್ಲು ಇದ್ದಂತೆ ದಿಕ್ಕಿಗೆ ಒಂದು ಮರ!

ಆದರೆ ಈ ಭೂಪಟದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಾರ್ಹವಾದುದು ಹೊನ್ನೂ ಅಲ್ಲ, ಹಾಲೂ ಅಲ್ಲ. ಪ್ರತಿಯೊಂದು ದಿಕ್ಕಿನ ಕೊನೆಯಲ್ಲಿಯೂ ಸುಗ್ರೀವನು ತಪ್ಪದೆ ಒಂದು ಎಲ್ಲೆಯನ್ನು ಹೇಳುತ್ತಾನೆ. ವಾನರರು ಹೋಗಬಹುದಾದುದು ಇಷ್ಟೇ ದೂರ. ಆಚೆಗೆ ಸೂರ್ಯನಿಲ್ಲ, ಮೇರೆಯಿಲ್ಲ, ಅಲ್ಲಿನದು ತನಗೆ ತಿಳಿಯದು ಎಂಬ ಭಾವದ ಮಾತು ಮತ್ತೆ ಮತ್ತೆ ಬರುತ್ತದೆ. ಬರಿಯ ಬೆರಗಿಗಾಗಿ ಕಟ್ಟಿದ ನಾಡಾಗಿದ್ದರೆ ಕಟ್ಟಿದವನಿಗೆ ತಿಳಿಯದ ಜಾಗವೇ ಇರುತ್ತಿರಲಿಲ್ಲ. ತನಗೆ ತಿಳಿಯದೆಂಬುದನ್ನೂ ಭೂಪಟದೊಳಗೆ ಗುರುತಿಸಿದವನ ಉಳಿದ ಮಾತಿಗೆ ತೂಕ ಬರುತ್ತದೆ.

ಇಷ್ಟೆಲ್ಲ ಸುಗ್ರೀವನಿಗೆ ತಿಳಿದದ್ದಾದರೂ ಹೇಗೆ? ಈ ಪ್ರಶ್ನೆಯನ್ನು ಸ್ವತಃ ಶ್ರೀರಾಮನೇ 46ನೆಯ ಸರ್ಗದಲ್ಲಿ ಕೇಳುತ್ತಾನೆ. ಉತ್ತರವು ಮನಮುಟ್ಟುವಂತಹುದು. ವಾಲಿಯು ಅಟ್ಟಿಸಿಕೊಂಡು ಬಂದಾಗ ಜೀವಭಯದಿಂದ ಓಡಿದೆನೆಂದು ಸುಗ್ರೀವನು ಹೇಳುತ್ತಾನೆ. ಪೂರ್ವಕ್ಕೆ ಓಡಿದರೆ ಅಲ್ಲಿಯೂ ವಾಲಿ, ದಕ್ಷಿಣಕ್ಕೆ ತಿರುಗಿದರೆ ಅಲ್ಲಿಯೂ ವಾಲಿ. ಓಡುವವನ ಕಣ್ಣಿಗೆ ಭೂಮಂಡಲವು ಕನ್ನಡಿಯಂತೆ, ತಿರುಗುವ ಕೊಳ್ಳಿಯ ಬಳೆಯಂತೆ, ಹಸುವಿನ ಗೊರಸಿನ ಗುಂಡಿಯಂತೆ ಕಂಡಿತು. ಕೊನೆಗೆ, ಮತಂಗ ಮುನಿಯ ಶಾಪದಿಂದ ವಾಲಿಯು ಕಾಲಿಡಲಾರದ ಋಷ್ಯಮೂಕವನ್ನು ಹನುಮಂತನು ನೆನಪಿಸಿದ ಮೇಲೆಯೇ ಅವನಿಗೆ ನಿಲ್ಲಲು ನೆಲ ಸಿಕ್ಕಿದ್ದು. ಅಂದರೆ ಆ ನಾಲ್ಕು ಸರ್ಗಗಳ ಬೆಟ್ಟನದಿಗಳು ಪ್ರವಾಸಿಯೊಬ್ಬನು ಹವ್ಯಾಸಕ್ಕಾಗಿ ಕಂಡವಲ್ಲ. ಅಡಗಲು ಎಡೆ ಹುಡುಕಿ ಎಲ್ಲಿಯೂ ನಿಲ್ಲಲಾರದೆ ಮತ್ತೆ ಓಡಿದವನ ತಾಣಗಳು. ಹೆಂಡತಿಯನ್ನು ಕಳೆದುಕೊಂಡು ಅಲೆದವನೊಬ್ಬನು, ಹೆಂಡತಿಯನ್ನು ಕಳೆದುಕೊಂಡ ಮತ್ತೊಬ್ಬನಿಗಾಗಿ ತನ್ನ ಭಯದ ದಾರಿಗಳನ್ನೆಲ್ಲ ಬಿಚ್ಚಿ ಹೇಳುತ್ತಿದ್ದಾನೆ. ಇದನ್ನು ತಿಳಿದು ಮತ್ತೊಮ್ಮೆ 40ನೆಯ ಸರ್ಗಕ್ಕೆ ಹಿಂದಿರುಗಿದರೆ ಅಲ್ಲಿನ ಹೆಸರುಗಳು ಬರಿಯ ಹೆಸರುಗಳಾಗಿ ಉಳಿಯುವುದಿಲ್ಲ.

ಇದಕ್ಕೆ ಎದುರಾಗಿ ಮಹಾಭಾರತದ ಭೀಷ್ಮಪರ್ವವನ್ನು ಇಡಬಹುದು. ಯುದ್ಧಕ್ಕೆ ಮುನ್ನ ಧೃತರಾಷ್ಟ್ರನು ಸಂಜಯನನ್ನು ಭೂಮಿಯ ವಿಸ್ತಾರವನ್ನು ಹೇಳೆಂದು ಕೇಳುತ್ತಾನೆ. ಯಾವುದಕ್ಕಾಗಿ ಇಷ್ಟು ಮಂದಿ ಅರಸರು ಪ್ರಾಣವನ್ನು ಪಣಕ್ಕಿಟ್ಟಿರುವರೋ ಆ ಭೂಮಿಯನ್ನು. ಸಂಜಯನು ವರ್ಷ, ಪರ್ವತ, ನದಿ, ಜನಪದಗಳನ್ನು ಎಣಿಸುತ್ತಾನೆ. ದಕ್ಷಿಣದ ಜನಪದಗಳ ಸಾಲಿನಲ್ಲಿ ದ್ರಾವಿಡ ಕೇರಳರೊಡನೆ ವನವಾಸಿಗಳ ಹೆಸರೂ ಬರುತ್ತದೆ. ಅದು ಬನವಾಸಿಯೇ ಎಂದು ಭಾವಿಸುವವರುಂಟು. ಮಾಂಸದ ತುಂಡಿಗಾಗಿ ನಾಯಿಗಳು ಕಚ್ಚಾಡುವಂತೆ ಅರಸರು ಈ ನೆಲಕ್ಕಾಗಿ ಕಚ್ಚಾಡುವರೆಂಬ ಕಠೋರ ಮಾತನ್ನೂ ಸಂಜಯನು ಅಲ್ಲಿಯೇ ಆಡುತ್ತಾನೆ. ಕಣ್ಣಿಲ್ಲದ ಅರಸನು ಇಡೀ ಭೂಪಟವನ್ನು ಕೇಳಿದನು. ಯುದ್ಧವು ಮಾತ್ರ ನಿಲ್ಲಲಿಲ್ಲ.

ಇನ್ನು ಮನೆಮನೆಗಳಲ್ಲಿ ಏಳುವ ಪ್ರಶ್ನೆಗೆ ಬರೋಣ. ಭಾಗವತದ ಪಂಚಮಸ್ಕಂಧದ ಸಪ್ತದ್ವೀಪಗಳ ಕಥೆಯನ್ನು ಅಜ್ಜಿ ಹೇಳುವಾಗ, ಕಾನ್ವೆಂಟಿನಲ್ಲಿ ಓದುವ ಮೊಮ್ಮಗನು ಹಾಲಿನ ಸಮುದ್ರ ಯಾವ ಖಂಡದ ಪಕ್ಕದಲ್ಲಿದೆ ಎಂದು ಕೇಳಿಬಿಡುತ್ತಾನೆ. ಆಗ ಮನೆಯ ಹಿರಿಯರು ಎರಡರಲ್ಲಿ ಒಂದು ದಾರಿಯನ್ನು ಹಿಡಿಯುವುದು ರೂಢಿ. ಕೆಲವರು ನಾಚಿ, ಅದೆಲ್ಲ ಹಳೆಯ ಕಾಲದ ಕಟ್ಟುಕಥೆ ಎಂದು ಮಾತನ್ನು ತೇಲಿಸುತ್ತಾರೆ. ಮತ್ತೆ ಕೆಲವರು ಪ್ಲಕ್ಷವೆಂದರೆ ಇಂತಹ ದೇಶ, ಶಾಕವೆಂದರೆ ಅಂತಹ ದೇಶ ಎಂದು ಇಂದಿನ ಹೆಸರುಗಳನ್ನು ಹೊಂದಿಸಿ ಗೆದ್ದೆವೆಂದು ತಿಳಿಯುತ್ತಾರೆ. ಮೊದಲನೆಯ ನಾಚಿಕೆಗೆ ಬಲ ಕೊಟ್ಟವರಲ್ಲಿ ಮೆಕಾಲೆಯೂ ಒಬ್ಬನು. 1835ರ ಫೆಬ್ರವರಿ 2ರ ತನ್ನ ಟಿಪ್ಪಣಿಯಲ್ಲಿ ಆತನು ಕಾಕಂಬಿ ಬೆಣ್ಣೆಗಳ ಸಮುದ್ರಗಳುಳ್ಳ ಭೂಗೋಳವೆಂದು ಇದನ್ನು ಹಾಸ್ಯಕ್ಕೆ ಗುರಿಮಾಡಿದನು. ಎರಡನೆಯ ದಾರಿಯು ಮೆಕಾಲೆಗೆ ಉತ್ತರವೆಂದು ತೋರಿದರೂ, ಪುರಾಣವನ್ನು ಅಳೆಯಲು ಅವನದೇ ಅಳತೆಗೋಲನ್ನು ಹಿಡಿದಂತಾಗುತ್ತದೆ.

ಮೂಲವನ್ನೇ ನೋಡಬೇಕು. ಭಾಗವತದಂತೆ ಜಂಬೂದ್ವೀಪದ ವಿಸ್ತಾರ 1 ಲಕ್ಷ ಯೋಜನ; ಅದನ್ನು ಬಳಸಿ ಅಷ್ಟೇ ಅಗಲದ ಉಪ್ಪುನೀರಿನ ಸಮುದ್ರ. ಮುಂದಿನ ದ್ವೀಪ ಪ್ರತಿಯೊಂದೂ ಹಿಂದಿನದರ ಇಮ್ಮಡಿ: ಪ್ಲಕ್ಷ 2 ಲಕ್ಷ, ಶಾಲ್ಮಲಿ 4, ಕುಶ 8, ಕ್ರೌಂಚ 16, ಶಾಕ 32, ಪುಷ್ಕರ 64. ಅವುಗಳನ್ನು ಅಷ್ಟಷ್ಟೇ ಅಗಲದ ಕಬ್ಬಿನ ಹಾಲು, ಸುರೆ, ತುಪ್ಪ, ಹಾಲು, ಮೊಸರು, ಸಿಹಿನೀರಿನ ಕಡಲುಗಳು ಕ್ರಮವಾಗಿ ಸುತ್ತುವರಿದಿವೆ. ಕೂಡಿ ನೋಡಿದರೆ ಜಂಬೂದ್ವೀಪದ ನಡುವಿನ ಮೇರುವಿನಿಂದ ಸಿಹಿನೀರಿನ ಕಡಲಂಚಿಗೆ 2 ಕೋಟಿ 53 ಲಕ್ಷ 50 ಸಾವಿರ ಯೋಜನವಾಗುತ್ತದೆ. ವಿಷ್ಣುಪುರಾಣದಲ್ಲಿ ಹಾಲು ಮೊಸರುಗಳ ಸ್ಥಾನ ಅದಲುಬದಲಾಗಿದೆ. ಅದರಿಂದ ಯಾವ ಭಕ್ತನಿಗೂ ದಾರಿ ತಪ್ಪಿದಂತಿಲ್ಲ. ಏಕೆಂದರೆ ಈ ಭೂಪಟವು ಹಡಗು ನಡೆಸುವವರಿಗಾಗಿ ರಚಿತವಾದುದಲ್ಲ. ಪರೀಕ್ಷಿತನು ಶುಕಮಹರ್ಷಿಯನ್ನು ಇದರ ವಿಷಯವಾಗಿ ಕೇಳುವಾಗಲೇ ಕಾರಣವನ್ನೂ ಹೇಳುತ್ತಾನೆ: ಭಗವಂತನ ಸ್ಥೂಲರೂಪವಾದ ಈ ವಿಶ್ವದಲ್ಲಿ ನೆಲೆನಿಂತ ಮನಸ್ಸು ಅವನ ಸೂಕ್ಷ್ಮಸ್ವರೂಪದಲ್ಲಿಯೂ ನಿಲ್ಲಬಲ್ಲುದು. ಏಳು ದಿನಗಳಲ್ಲಿ ಸಾಯಲಿರುವವನ ಪ್ರಶ್ನೆ ಇದು. ಅವನಿಗೆ ಬೇಕಾದುದು ಊರುಗಳ ದೂರವಲ್ಲ. ಶುಕರು ಕೊಡುವ ಉತ್ತರದ ಮೊದಲ ಮಾತೂ ಎಲ್ಲೆಯ ಮಾತೇ: ದೇವತೆಗಳ ಆಯುಷ್ಯವಿದ್ದರೂ ಇದರ ಕೊನೆಯನ್ನು ಮನಸ್ಸಿನಿಂದಾಗಲಿ ಮಾತಿನಿಂದಾಗಲಿ ಮುಟ್ಟಲಾಗದು, ಮುಖ್ಯವಾದುದನ್ನಷ್ಟೇ ಹೇಳುವೆನೆಂದು.

ಹೀಗೆಂದು ನಮ್ಮ ಪೂರ್ವಿಕರು ನಿಜವಾದ ಭೂಮಿಯನ್ನು ಅಳೆಯಲರಿಯದವರಾಗಿರಲಿಲ್ಲ. 499ರಲ್ಲಿಯೇ ಆರ್ಯಭಟನು ಭೂಮಿಯು ಗೋಳವೆಂದು ಹೇಳಿದ್ದನು. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು ಭೂಗೋಳದ ಉತ್ತರಾರ್ಧದಲ್ಲಿ ಜಂಬೂದ್ವೀಪವನ್ನೂ ದಕ್ಷಿಣಾರ್ಧದಲ್ಲಿ ಉಳಿದ ಆರು ದ್ವೀಪಗಳನ್ನೂ ಇರಿಸಿದರು. ಗಣಿತವನ್ನು ಬಿಡಲಿಲ್ಲ, ಪುರಾಣವನ್ನೂ ಬಿಡಲಿಲ್ಲ. ಸಂಧಾನ ಪೂರ್ತಿಯಾಗಿ ಒಪ್ಪುವಂತಹುದೇ ಎಂಬುದು ಬೇರೆ ಮಾತು.

ಜೈನರಲ್ಲಿ ಈ ಎಲ್ಲೆಯ ಭಾವನೆ ಇನ್ನೂ ಸ್ಪಷ್ಟ. ಪುಷ್ಕರವರ ದ್ವೀಪದ ನಡುವೆ ಮಾನುಷೋತ್ತರ ಪರ್ವತ. ಅದರಾಚೆಗೆ ಮನುಷ್ಯರಿಗೆ ಗತಿಯಿಲ್ಲ. ಎಂಟನೆಯದಾದ ನಂದೀಶ್ವರ ದ್ವೀಪದ 52 ಚೈತ್ಯಾಲಯಗಳಲ್ಲಿ ಪೂಜೆ ಸಲ್ಲಿಸುವವರು ದೇವತೆಗಳು ಮಾತ್ರ. ಆದುದರಿಂದಲೇ ಆಷಾಢ, ಕಾರ್ತಿಕ, ಫಾಲ್ಗುಣಗಳ ಅಷ್ಟಾಹ್ನಿಕ ಪರ್ವದಲ್ಲಿ ಶ್ರಾವಕರು ನಂದೀಶ್ವರದ ಪ್ರತಿಕೃತಿಯನ್ನು ಇಲ್ಲಿಯೇ ಇರಿಸಿ ಪೂಜಿಸುತ್ತಾರೆ. ಹೋಗಲಾಗದ ನಾಡೆಂಬುದೇ ಅದನ್ನು ಚಿತ್ರಿಸಲು ಕಾರಣ.

ಪಾಶ್ಚಾತ್ಯ ಸಾಹಿತ್ಯದಲ್ಲಿಯೂ ಇಲ್ಲದ ನಾಡಿನ ನಕ್ಷೆಗಳಿಗೆ ಕೊರತೆಯಿಲ್ಲ. 1881ರಲ್ಲಿ ಸ್ಟೀವನ್ಸನ್ ಸ್ಕಾಟ್ಲೆಂಡಿನಲ್ಲಿ ಮನೆಯ ಹುಡುಗನೊಡನೆ ವಿನೋದಕ್ಕಾಗಿ ಒಂದು ದ್ವೀಪದ ನಕ್ಷೆ ಬರೆದನು. ‘ಟ್ರೆಷರ್ ಐಲೆಂಡ್’ ಕಾದಂಬರಿ ಹುಟ್ಟಿದ್ದು ಆ ನಕ್ಷೆಯಿಂದ. ಮುದ್ರಣಕ್ಕೆ ಕಳುಹಿಸಿದ ನಕ್ಷೆ ಕಳೆದುಹೋಗಿ, ಕಥೆಯನ್ನೇ ಓದಿ ಓದಿ ಮತ್ತೊಂದನ್ನು ಬರೆಯಬೇಕಾಯಿತಂತೆ. ಅಲ್ಲಿನ ನಕ್ಷೆಯಲ್ಲಿ ನಿಧಿಯ ಜಾಗಕ್ಕೆ ಗುರುತುಂಟು. ಸುಗ್ರೀವನ ಭೂಪಟವು ಅಂತಹ ಭರವಸೆಯನ್ನು ಕೊಡದು. ದ್ವೀಪವನ್ನು ಹೆಸರಿಸಿದವನೂ ನಾಲ್ಕು ದಿಕ್ಕುಗಳಿಗೂ ಜನರನ್ನು ಕಳುಹಿಸಿದನು.

ಮೂರು ದಿಕ್ಕುಗಳಿಂದ ವಾನರರು ತಿಂಗಳು ತುಂಬಿದಾಗ ಬರಿಗೈಯಲ್ಲಿ ಹಿಂದಿರುಗಿದರು. ದಕ್ಷಿಣಕ್ಕೆ ಹೋದವರು ಸ್ವಯಂಪ್ರಭೆಯ ಗುಹೆಯಲ್ಲಿ ಸಿಲುಕಿ ಅವಧಿಯನ್ನು ಮೀರಿ, ಕಡಲ ತಡಿಯಲ್ಲಿ ಪ್ರಾಣ ಬಿಡಲು ನಿರ್ಧರಿಸಿ ಕುಳಿತರು. ಆಗ ರೆಕ್ಕೆ ಸುಟ್ಟ ಮುದಿ ಹದ್ದು ಸಂಪಾತಿಯು ಕುಳಿತಲ್ಲಿಂದಲೇ ಲಂಕೆಯನ್ನೂ ಸೀತೆಯನ್ನೂ ಕಂಡು ಹೇಳಿದನು. ಹನುಮಂತನು ಮಹೇಂದ್ರ ಪರ್ವತದಿಂದ ನೆಗೆದನು. ನಡುಗಡಲಿನ ಮೇಲೆ ಹಾರುತ್ತಿರುವಾಗ, ಇದಿರುಗಾಳಿಗೆ ಸಿಲುಕಿದ ಹಡಗಿನಂತೆ ಅವನ ವೇಗ ಇದ್ದಕ್ಕಿದ್ದಂತೆ ಕುಂದಿತು. ಸುತ್ತಲೂ ನೋಡಿದನು, ಕೆಳಗೆ ನೋಡಿದನು. ನೀರಿನಿಂದೆದ್ದ ಮಹಾಭೂತವೊಂದು ಅವನ ನೆರಳನ್ನು ಹಿಡಿದಿತ್ತು. ಸುಂದರಕಾಂಡದಲ್ಲಿ ಅವಳ ಹೆಸರು ಸಿಂಹಿಕೆ. ನೆರಳನ್ನು ಹಿಡಿಯುವ ಜೀವಿಯೊಂದು ಈ ಕಡಲಿನಲ್ಲಿರುವುದೆಂದು ಕಪಿರಾಜನು ಹೇಳಿದ್ದು ಇದನ್ನೇ, ಸಂಶಯವಿಲ್ಲ, ಎಂದು ಹನುಮಂತನು ಆ ಕ್ಷಣದಲ್ಲಿ ನೆನೆದುಕೊಂಡನು.